ಎಣ್ಣೆ ಕುಡಿದ ಬ್ರೇಕ್ ಪ್ಯಾಡು: ಸುಡಬೇಕಾ, ಬಿಸಾಡಬೇಕಾ?

ಪ್ರಶ್ನೆ: ನನ್ನ ಸೈಕಲ್ಲಿಗೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದೆ. ಮೂರು ವಾರದ ಹಿಂದೆ ಚೈನಿಗೆ ಸ್ಪ್ರೇ ಡಬ್ಬಿಯಿಂದ ಎಣ್ಣೆ ಹೊಡೆದೆ. ಮಾರನೇ ದಿನದಿಂದ ಹಿಂದಿನ ಬ್ರೇಕ್ ಹಿಡಿದರೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಹಿಡಿತವೂ ಅರ್ಧಕ್ಕರ್ಧ ಕಡಿಮೆ. ಡಿಸ್ಕನ್ನು ಸೋಪು ನೀರಿನಲ್ಲಿ ತೊಳೆದೆ, ಪ್ಯಾಡನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದೆ. ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಹಾಡು. ಪ್ಯಾಡನ್ನು ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಎಣ್ಣೆಯೆಲ್ಲ ಉರಿದುಹೋಗುತ್ತದೆ ಎಂದು ಗೆಳೆಯ ಹೇಳುತ್ತಾನೆ. ಸುಡಲಾ, ಹೊಸದು ಹಾಕಲಾ? ಪ್ಯಾಡು ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಬಿಸಾಡಲು ಮನಸ್ಸು ಬರುತ್ತಿಲ್ಲ.

ಉತ್ತರ: ಸುಡಬೇಡಿ. ಹೊಸದು ಹಾಕಿ. ಆದರೆ ಇವತ್ತೇ ಹಾಕಬೇಡಿ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಸ್ಪ್ರೇ ಅಲ್ಲ, ‘ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಹಾಡು’ ಅನ್ನುವ ಮಾತು. ಉಜ್ಜಿದ ಮೇಲೆ ಸರಿಹೋಗಿ ಮತ್ತೆ ಕೆಟ್ಟಿದೆ ಅಂದರೆ ಎರಡರಲ್ಲಿ ಒಂದು ಆಗಿರುತ್ತದೆ. ಪ್ಯಾಡಿನ ಒಳಕ್ಕೆ ಇಳಿದಿದ್ದ ಎಣ್ಣೆ ಬಿಸಿಗೆ ಮೇಲೆ ಬಂದಿದೆ. ಇಲ್ಲವೇ, ಎಲ್ಲಿಂದಲೋ ಹೊಸ ಎಣ್ಣೆ ಬರುತ್ತಲೇ ಇದೆ. ಮೊದಲನೆಯದಾದರೆ ಹೊಸ ಪ್ಯಾಡು ಹಾಕಿದರೆ ಮುಗಿಯಿತು. ಎರಡನೆಯದಾದರೆ ಹೊಸ ಪ್ಯಾಡೂ ವಾರದೊಳಗೆ ಹಾಳು, ತೂತು ಮಡಕೆಗೆ ನೀರು ಹೊಯ್ದ ಹಾಗೆ. ಇದನ್ನು ನಾನು ದುಡ್ಡು ತೆತ್ತು ಕಲಿತವನು. ಆ ಕತೆ ಮುಂದೆ ಬರುತ್ತದೆ.

ಮೊದಲು, ಇದು ನಿಜವಾಗಿ ಎಣ್ಣೆಯ ಕಾಟವೇ ಅಂತ ಖಾತ್ರಿ ಮಾಡಿಕೊಳ್ಳಿ. ಡಿಸ್ಕ್ ಬ್ರೇಕ್ ಹತ್ತು ಕಾರಣಕ್ಕೆ ಕಿರುಚುತ್ತದೆ. ಮಳೆಯಲ್ಲಿ ನೆನೆದಾಗ ಅರಚುತ್ತದೆ, ನಾಲ್ಕು ಸಲ ಬ್ರೇಕ್ ಹಿಡಿದು ನೀರು ಆರಿದ ಮೇಲೆ ಸುಮ್ಮನಾಗುತ್ತದೆ. ಡಿಸ್ಕ್ ಸೊಟ್ಟಗಾಗಿದ್ದರೆ ಚಕ್ರ ಸುತ್ತಿದಂತೆಲ್ಲ ಒಂದೇ ಲಯದಲ್ಲಿ ಸರ್, ಸರ್ ಅನ್ನುತ್ತದೆ. ಕ್ಯಾಲಿಪರಿನ (ಪ್ಯಾಡುಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗ) ಬೋಲ್ಟ್ ಸಡಿಲವಾಗಿದ್ದರೂ ಸದ್ದು ಬರುತ್ತದೆ, ಆದರೆ ಹಿಡಿತ ಇಷ್ಟೊಂದು ಬೀಳುವುದಿಲ್ಲ. ಬ್ರೇಕಿನ ಎಣ್ಣೆ ಹರಿಯುವ ಪೈಪಿನೊಳಗೆ ಗಾಳಿ ಸೇರಿದ್ದರೆ ಲಿವರ್, ಅಂದರೆ ಬೆರಳಲ್ಲಿ ಒತ್ತುವ ಹಿಡಿ, ಮೆತ್ತಗೆ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ.

ಎಣ್ಣೆ ತಾಗಿದ ಬ್ರೇಕಿನ ಗುರುತೇ ಬೇರೆ. ಲಿವರ್ ಗಟ್ಟಿಯಾಗಿಯೇ ಇರುತ್ತದೆ. ಬೆರಳಿಗೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ. ಸೈಕಲ್ ಮಾತ್ರ ನಿಲ್ಲುವುದಿಲ್ಲ. ಎಷ್ಟು ಜೋರಾಗಿ ಒತ್ತಿದರೂ ಚಕ್ರ ಜಾರಿಕೊಂಡು ಹೋಗುತ್ತಲೇ ಇರುತ್ತದೆ, ಜೊತೆಗೆ ಆ ದಪ್ಪ ಊಳಾಟ. ಒಂದು ಸಣ್ಣ ಪರೀಕ್ಷೆ ಮಾಡಿ. ಸೈಕಲ್ ಪಕ್ಕದಲ್ಲಿ ನಿಂತು ಹಿಂದಿನ ಬ್ರೇಕ್ ಪೂರ್ತಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಬ್ರೇಕ್ ಚೆನ್ನಾಗಿದ್ದರೆ ಚಕ್ರ ತಿರುಗದೆ ನೆಲದ ಮೇಲೆ ಎಳೆದುಕೊಂಡು ಬರುತ್ತದೆ. ಎಣ್ಣೆಯಾಗಿದ್ದರೆ ಚಕ್ರ ನಿಧಾನಕ್ಕೆ ಉರುಳುತ್ತದೆ.

ಇದು ಹೀಗೆ ಯಾಕೆ? ಪ್ಯಾಡು ಡಿಸ್ಕನ್ನು ಸುಮ್ನೆ ಉಜ್ಜಿ ನಿಲ್ಲಿಸುತ್ತದೆ ಅಂದುಕೊಂಡಿರುತ್ತೇವೆ. ನಿಜದಲ್ಲಿ ಹೊಸ ಪ್ಯಾಡು ಮೊದಲ ದಿನಗಳಲ್ಲಿ ತನ್ನದೇ ಪದಾರ್ಥದ ತೆಳುವಾದ ಒಂದು ಪದರವನ್ನು ಡಿಸ್ಕಿಗೆ ಬಳಿಯುತ್ತದೆ. ಆಮೇಲೆ ಪ್ಯಾಡು ಕಚ್ಚಿ ಹಿಡಿಯುವುದು ಈ ಪದರವನ್ನು. ನಡುವೆ ಎಣ್ಣೆ ಬಂತು ಅಂದರೆ ಒಂದು ಕ್ಷಣ ಹಿಡಿಯುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು ನಾದ ಹೊರಡಿಸುವುದು ಹೀಗೆಯೇ. ನಿಮ್ಮ ಡಿಸ್ಕ್ ಈಗ ಆ ತಂತಿ. ನಾದ ಮಾತ್ರ ಯಾರಿಗೂ ಬೇಡದ್ದು.

ಸರಿ, ಎಣ್ಣೆ ಬಂದದ್ದೆಲ್ಲಿಂದ? ನಿಮ್ಮ ವಿಷಯದಲ್ಲಿ ಸ್ಪ್ರೇ ಮೇಲೆ ಅನುಮಾನ ಬರುವುದು ಸಹಜ. ಚೈನು ಬಲಗಡೆ ಇದೆ, ಡಿಸ್ಕ್ ಎಡಗಡೆ ಇದೆ, ಅಲ್ಲಿಗೆ ಹೇಗೆ ಹೋಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ಸ್ಪ್ರೇ ಚೈನಿಗೆ ಬಡಿದು ಅಲ್ಲೇ ನಿಲ್ಲುವುದಿಲ್ಲ. ಮಂಜಿನ ಹಾಗೆ ಹರಡಿ ಕಡ್ಡಿಗಳ ಸಂದಿಯಿಂದ ಆ ಕಡೆಗೆ ಹಾಯುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮುಂದಿನ ಬ್ರೇಕ್ ಚೆನ್ನಾಗಿದ್ದು ಹಿಂದಿನದು ಮಾತ್ರ ಕೆಟ್ಟಿರುವುದೂ ಇದಕ್ಕೆ ಹೊಂದುತ್ತದೆ.

ಬೇರೆ ದಾರಿಗಳೂ ಇವೆ. ಫ್ರೇಮಿಗೆ ಹೊಳಪು ಬರಲಿ ಅಂತ ಹೊಡೆಯುವ ಪಾಲಿಶ್ ಸ್ಪ್ರೇ, ಅದರಲ್ಲೂ ಸಿಲಿಕೋನ್ ಇರುವಂಥದ್ದು, ಬ್ರೇಕಿನ ಪರಮ ಶತ್ರು. ಬ್ಲೀಡ್ ಮಾಡುವಾಗ, ಅಂದರೆ ಬ್ರೇಕಿನ ಎಣ್ಣೆಯಿಂದ ಗಾಳಿ ತೆಗೆಯುವಾಗ, ಪ್ಯಾಡು ಬಿಚ್ಚದೆ ಇದ್ದರೆ ಒಂದು ಹನಿ ಸಾಕು. ಚಕ್ರದ ನಡುವಿನ ಹಬ್‌ನ ಬೇರಿಂಗಿಗೆ ಮೆತ್ತಿದ ಹೆಚ್ಚುವರಿ ಗ್ರೀಸು ತಿರುಗುತ್ತಾ ತಿರುಗುತ್ತಾ ಡಿಸ್ಕಿನ ಕಡೆ ಹರಿದು ಬರುವುದುಂಟು. ಬೆರಳು ತಾಗಿದರೆ ಬ್ರೇಕ್ ಹೋಯಿತು ಅನ್ನುವವರೂ ಇದ್ದಾರೆ. ಅದು ಸ್ವಲ್ಪ ಜಾಸ್ತಿಯೇ ಆಯಿತು. ಬೆರಳಿನ ಜಿಡ್ಡು ಒಂದು ಸಲ ಒರೆಸಿದರೆ ಹೋಗುತ್ತದೆ. ಮುಟ್ಟದೇ ಇದ್ದರೆ ಒಳ್ಳೆಯದು, ಮುಟ್ಟಿದಿರಿ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಸವಾರಿ ಮುಗಿಸಿ ಬಂದ ಕೂಡಲೇ ಮುಟ್ಟಬೇಡಿ. ಉದ್ದ ಇಳಿಜಾರು ಇಳಿದ ಡಿಸ್ಕ್ 200 ಡಿಗ್ರಿ ಸೆಲ್ಸಿಯಸ್ ದಾಟಿರುವುದೂ ಉಂಟು.

ಇಷ್ಟೆಲ್ಲ ಹೊರಗಿನಿಂದ ಬರುವ ಎಣ್ಣೆ. ಒಳಗಿನಿಂದ ಬರುವುದೊಂದಿದೆ, ಅದು ಕ್ಯಾಲಿಪರ್ ಸೋರುವುದು. ನಾನು ದುಡ್ಡು ಕಳೆದುಕೊಂಡದ್ದು ಇಲ್ಲೇ. ನನ್ನ ಹಳೇ ಸೈಕಲ್ಲಿನ ಹಿಂದಿನ ಬ್ರೇಕ್ ಹೀಗೇ ಕಿರುಚತೊಡಗಿತು. ನಾನೂ ಚೈನ್ ಎಣ್ಣೆಯನ್ನೇ ದೂರಿದೆ. ಪ್ಯಾಡು ಉಜ್ಜಿದೆ. ಮತ್ತೆ ಉಜ್ಜಿದೆ. ಹೊಸ ಜೋಡಿ ತಂದು ಹಾಕಿದೆ, ಹತ್ತು ದಿನಕ್ಕೆ ಅದೂ ಜಾರತೊಡಗಿತು. ಇನ್ನೊಂದು ಜೋಡಿ ತಂದೆ. ಅದೂ ಅಷ್ಟೇ. ಕೊನೆಗೆ ಒಂದು ರಾತ್ರಿ ಪ್ಯಾಡು ತೆಗೆದು, ಒಳಗೆ ಟಿಶ್ಯೂ ಮಡಚಿಟ್ಟು, ಲಿವರನ್ನು ಬಿಗಿಯಾಗಿ ಕಟ್ಟಿ ಮಲಗಿದೆ. ಬೆಳಿಗ್ಗೆ ಟಿಶ್ಯೂ ಬಿಚ್ಚಿದರೆ ಒಂದು ಬದಿಯಲ್ಲಿ ಉಗುರಿನ ಗಾತ್ರದ ಅರ್ಧಚಂದ್ರ. ಬೆಳಕಿಗೆ ಹಿಡಿದರೆ ಆಚೆಗಿನ ಬೆರಳು ಕಾಣುವಷ್ಟು ಎಣ್ಣೆ. ಕ್ಯಾಲಿಪರಿನೊಳಗೆ ಪ್ಯಾಡನ್ನು ತಳ್ಳುವ ಒಂದು ಪಿಸ್ಟನ್ನಿನ ಸೀಲು (ಎಣ್ಣೆ ತಡೆಯುವ ರಬ್ಬರ್ ಬಳೆ) ಕೆಳಭಾಗದಲ್ಲಿ ಒಸರುತ್ತಿತ್ತು. ಹೊರಗಿನಿಂದ ನೋಡಿದರೆ ಕ್ಯಾಲಿಪರ್ ಒಣಗಿಕೊಂಡೇ ಇತ್ತು.

ಈ ಪರೀಕ್ಷೆ ನೀವೂ ಮಾಡಿ. ಚಕ್ರ ತೆಗೆಯಿರಿ. ಹಳೇ ಪ್ಯಾಡು ಒಳಗಿರುವಾಗಲೇ ಅವುಗಳ ನಡುವೆ ಚಪ್ಪಟೆಯಾದ ಏನಾದರೂ ತೂರಿಸಿ ಪಿಸ್ಟನ್ನುಗಳನ್ನು ಹಿಂದಕ್ಕೆ ತಳ್ಳಿ. ಹಾಳಾದರೂ ಚಿಂತೆಯಿಲ್ಲದ ಪ್ಯಾಡು ಅಲ್ವಾ, ಅದನ್ನೇ ಬಳಸಿಕೊಳ್ಳಿ. ನೇರವಾಗಿ ಪಿಸ್ಟನ್ನಿಗೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಕೆಲವು ಬ್ರೇಕಿನ ಪಿಸ್ಟನ್ ಸೆರಾಮಿಕ್ಕಿನದು, ಅಂಚು ಸಿಡಿಯುತ್ತದೆ. ಆಮೇಲೆ ಪಿನ್ನು ಎಳೆದು ಪ್ಯಾಡು ಹೊರತೆಗೆಯಿರಿ. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒಳಗೆಲ್ಲ ಒರೆಸಿ, ಪಿಸ್ಟನ್ನಿನ ಸುತ್ತಲೂ ಒರೆಸಿ. ಕಡ್ಡಿ ಬೆಳ್ಳಗೆ ಬರುವವರೆಗೂ ಕಡ್ಡಿ ಬದಲಿಸುತ್ತಿರಿ. ಒಣಗಲು ಬಿಡಿ.

ಈಗ ಪ್ಯಾಡಿನ ಜಾಗಕ್ಕೆ ಬ್ಲೀಡ್ ಬ್ಲಾಕ್ (ಬ್ಲೀಡ್ ಮಾಡುವಾಗ ಪಿಸ್ಟನ್ನುಗಳನ್ನು ತಡೆದಿಡುವ ತುಂಡು) ಹಾಕಿ. ಅದಿಲ್ಲದಿದ್ದರೆ ಪ್ಯಾಡು ಮತ್ತು ಡಿಸ್ಕ್ ಸೇರಿದಷ್ಟೇ ದಪ್ಪದ, ಗಟ್ಟಿಯಾದ, ಒಣ ಪ್ಲಾಸ್ಟಿಕ್ ತುಂಡು ಆಗುತ್ತದೆ. ಇದು ಬೇಕೇ ಬೇಕು. ಒಳಗೆ ಏನೂ ಇಲ್ಲದೆ ಲಿವರ್ ಒತ್ತಿದರೆ ಪಿಸ್ಟನ್ ಹೊರಗೆ ಬಂದು ಬೀಳುತ್ತದೆ, ಎಣ್ಣೆಯೆಲ್ಲ ನೆಲಕ್ಕೆ. ಬ್ಲಾಕಿನ ಎರಡೂ ಬದಿಗೆ ಒಂದೊಂದು ಟಿಶ್ಯೂ ಮಡಚಿಡಿ. ಲಿವರನ್ನು ಹ್ಯಾಂಡಲ್ಲಿಗೆ ಎಳೆದು ರಬ್ಬರ್ ಬ್ಯಾಂಡ್ ಬಿಗಿಯಿರಿ. ರಾತ್ರಿಯಿಡೀ ಹಾಗೇ ಇರಲಿ.

ಬೆಳಿಗ್ಗೆ ಟಿಶ್ಯೂ ಒಣಗಿದ್ದರೆ ಕ್ಯಾಲಿಪರ್ ಪಾಸ್. ಪಿಸ್ಟನ್ನಿನ ಮೈಮೇಲೆ ಸ್ವಲ್ಪ ಮಿಂಚು ಕಂಡರೆ ಪರವಾಗಿಲ್ಲ, ಸೀಲು ಜಾರುತ್ತಾ ಕೆಲಸ ಮಾಡುವುದರಿಂದ ಅಷ್ಟು ಪಸೆ ಇದ್ದೇ ಇರುತ್ತದೆ. ಟಿಶ್ಯೂ ಒದ್ದೆಯಾಗಿದ್ದರೆ ಸೋರಿಕೆ ಇದೆ. ಆಗ ಪ್ಯಾಡಿನ ಮಾತು ಆಮೇಲೆ, ಮೊದಲು ಕ್ಯಾಲಿಪರ್ ರಿಪೇರಿ ಅಥವಾ ಬದಲಿ. ಕೆಲವು ಕಂಪನಿಗಳು ಸೀಲು, ಪಿಸ್ಟನ್ ಬಿಡಿಯಾಗಿ ಕೊಡುತ್ತವೆ, ಕೆಲವು ಕ್ಯಾಲಿಪರನ್ನು ಇಡಿಯಾಗಿ ಬದಲಿಸಿ ಎನ್ನುತ್ತವೆ. ಆಗ ಬ್ರೇಕಿಗೆ ಮತ್ತೆ ಎಣ್ಣೆ ತುಂಬಬೇಕಾಗುತ್ತದೆ. ಶಿಮಾನೊ, ಮಗುರಾ ಬ್ರೇಕುಗಳಿಗೆ ಮಿನರಲ್ ಆಯಿಲ್. ಸ್ರ್ಯಾಮಿನ ಬಹಳಷ್ಟು ಮಾದರಿಗಳಿಗೆ ಡಾಟ್ ಫ್ಲೂಯಿಡ್ (ಕಾರು, ಬೈಕಿನ ಬ್ರೇಕಿಗೆ ಹಾಕುವಂಥ ದ್ರವ), ಅವರದೇ ಕೆಲವು ಹೊಸ ಮಾದರಿಗಳಿಗೆ ಮಿನರಲ್ ಆಯಿಲ್. ಹೆಸರು ನೋಡಿ ಊಹಿಸಬೇಡಿ. ನಿಮ್ಮ ಲಿವರಿನ ಮೇಲೆ ಅಥವಾ ಕೈಪಿಡಿಯಲ್ಲಿ ಏನು ಬರೆದಿದೆಯೋ ಅದನ್ನೇ ಹಾಕಿ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಸೀಲು ಊದಿಕೊಂಡು ಬ್ರೇಕೇ ಹೋಗುತ್ತದೆ.

ಇನ್ನು ಡಿಸ್ಕ್. ಇದು ಸುಲಭ. ಡಿಸ್ಕ್ ಸ್ಟೇನ್‌ಲೆಸ್ ಸ್ಟೀಲು, ಎಣ್ಣೆ ಕುಡಿಯುವುದಿಲ್ಲ, ಮೇಲೆ ಕೂರುತ್ತದೆ ಅಷ್ಟೇ. ನೀವು ಸೋಪಿನಲ್ಲಿ ತೊಳೆದದ್ದು ತಪ್ಪಲ್ಲ, ಆದರೆ ಅಲ್ಲಿಗೇ ನಿಲ್ಲಿಸಿದಿರಿ. ಸೋಪು ತಾನೇ ಒಂದು ಪದರ ಬಿಟ್ಟು ಹೋಗಬಹುದು, ಮುಖ್ಯವಾಗಿ ಕೈಗೆ ಮೃದು, ಹೊಳಪು ಅಂತೆಲ್ಲ ಹೇಳುವ ಸೋಪುಗಳು. ತೊಳೆದು ಒಣಗಿಸಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು. 90 ಶೇಕಡಕ್ಕಿಂತ ಮೇಲಿನದು ತನ್ನಿ, 99 ಸಿಕ್ಕರೆ ಇನ್ನೂ ಒಳ್ಳೆಯದು. ಹ್ಯಾಂಡ್ ಸ್ಯಾನಿಟೈಜರ್ ಬೇಡ. ಅದರಲ್ಲೂ ಆಲ್ಕೋಹಾಲ್ ಇದೆಯಲ್ಲಾ ಅನ್ನಬೇಡಿ, ಕೈ ಒಣಗದಿರಲಿ ಅಂತ ಅದಕ್ಕೆ ಗ್ಲಿಸರಿನ್ ಸೇರಿಸಿರುತ್ತಾರೆ. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ, ಅವುಗಳೇ ಎಣ್ಣೆ. ನೀಲಿ ಹಳದಿ ಡಬ್ಬಿಯ ಡಬ್ಲ್ಯೂಡಿ-40 ತುಕ್ಕು ಬಿಡಿಸಲು ಒಳ್ಳೆಯದು, ಬ್ರೇಕಿನ ಹತ್ತಿರಕ್ಕೂ ತರಬೇಡಿ.

ಒರೆಸುವಾಗ ಒಂದು ಮಾತು. ಒಂದೇ ಬಟ್ಟೆಯಲ್ಲಿ ಸುತ್ತಿ ಸುತ್ತಿ ಒರೆಸಿದರೆ ಎಣ್ಣೆ ಹೋಗುವುದಿಲ್ಲ, ಡಿಸ್ಕಿಗೆಲ್ಲ ಸಮನಾಗಿ ಹಂಚಿಹೋಗುತ್ತದೆ. ಬಿಳಿ ಟಿಶ್ಯೂ ತೆಗೆದುಕೊಳ್ಳಿ. ಆಲ್ಕೋಹಾಲ್ ಹಚ್ಚಿ ಒಂದು ಸುತ್ತು ಒರೆಸಿ, ಬಿಸಾಡಿ. ಹೊಸ ಟಿಶ್ಯೂ, ಇನ್ನೊಂದು ಸುತ್ತು. ಮೊದಲನೆಯದು ಕರ‍್ರಗೆ ಬರುತ್ತದೆ, ಮೂರನೆಯದು ಬೂದು ಬಣ್ಣ, ಆರನೆಯದರ ಹೊತ್ತಿಗೆ ಬೆಳ್ಳಗಾಗಬೇಕು. ಡಿಸ್ಕಿನ ತೂತುಗಳ ಒಳ ಅಂಚನ್ನು ಮರೆಯಬೇಡಿ, ಎಣ್ಣೆ ಅಡಗಿ ಕೂರುವುದೇ ಅಲ್ಲಿ. ಆಮೇಲೆ 180 ಗ್ರಿಟ್ (ತರಿಯ ಅಂಕಿ) ಆಸುಪಾಸಿನ ಸ್ಯಾಂಡ್‌ಪೇಪರಿನಲ್ಲಿ ಎರಡೂ ಮುಖವನ್ನು ಹಗುರವಾಗಿ ಉಜ್ಜಿ ಹಳೇ ಪದರ ತೆಗೆಯಿರಿ, ಮತ್ತೊಮ್ಮೆ ಆಲ್ಕೋಹಾಲಿನಲ್ಲಿ ಒರೆಸಿ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಇರಬಾರದು. ಈ ಆಲ್ಕೋಹಾಲ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ.

ಅಂಗಡಿಯಲ್ಲಿ ಸಿಗುವ ಬ್ರೇಕ್ ಕ್ಲೀನರ್ ಸ್ಪ್ರೇಯೂ ಆಗುತ್ತದೆ. ಆದರೆ ಡಿಸ್ಕನ್ನು ಬಿಚ್ಚಿ ದೂರ ಇಟ್ಟು ಹೊಡೆಯಿರಿ. ಕಾರಿಗೆಂದು ಮಾಡಿದ ಕೆಲವು ಕ್ಲೀನರುಗಳು ರಬ್ಬರ್ ಸೀಲನ್ನೂ ಪೇಂಟನ್ನೂ ಕೆಡಿಸುತ್ತವೆ. ಕೈಯಲ್ಲಿ ಡಿಸ್ಕ್ ಇರುವಾಗಲೇ ಅದರ ದಪ್ಪವನ್ನೂ ನೋಡಿಬಿಡಿ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಶಿಮಾನೊದ ಹಲವು ಡಿಸ್ಕುಗಳಲ್ಲಿ ಅದು 1.5 ಮಿಮೀ. ಅದಕ್ಕಿಂತ ಸವೆದಿದ್ದರೆ ಇಷ್ಟು ತೊಳೆದದ್ದೂ ದಂಡ.

ಈಗ ನಿಮ್ಮ ಗೆಳೆಯರ ಸಲಹೆಗೆ ಬರೋಣ. ಪ್ಯಾಡಿನಲ್ಲಿ ಮುಖ್ಯವಾಗಿ ಎರಡು ಜಾತಿ. ರೆಸಿನ್ ಅಥವಾ ಆರ್ಗ್ಯಾನಿಕ್ ಅನ್ನುವುದರಲ್ಲಿ ನಾರು, ಪುಡಿ ಎಲ್ಲವನ್ನೂ ರಾಳದಂಥ ಅಂಟು ಹಿಡಿದಿಟ್ಟಿರುತ್ತದೆ. ಸಿಂಟರ್ಡ್ ಅಥವಾ ಮೆಟಲ್ ಅನ್ನುವುದು ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಬೆಸೆದದ್ದು. ರೆಸಿನ್ ಪ್ಯಾಡನ್ನು ಒಲೆಯ ಮೇಲಿಟ್ಟರೆ ಎಣ್ಣೆಯ ಜೊತೆ ಆ ಅಂಟೂ ಸುಡುತ್ತದೆ. ಹೊರಗೆ ಎಣ್ಣೆ ಹೋದ ಹಾಗೆ ಕಾಣುತ್ತದೆ, ಒಳಗೆ ಪ್ಯಾಡು ಪುಡಿಪುಡಿ. ಇನ್ನೂ ಕೆಟ್ಟದ್ದು ಅಂದರೆ ಲೋಹದ ತಟ್ಟೆಗೆ ಪ್ಯಾಡನ್ನು ಅಂಟಿಸಿದ ಜಾಗವೂ ಸಡಿಲವಾಗಬಹುದು. ಇಳಿಜಾರಿನಲ್ಲಿ ಪ್ಯಾಡು ತಟ್ಟೆಯಿಂದ ಕಳಚಿಕೊಂಡರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಜೊತೆಗೆ ಆ ಹೊಗೆ. ಅಡುಗೆ ಮಾಡುವ ಜಾಗದಲ್ಲಿ ಅದನ್ನು ಎಬ್ಬಿಸಲೇಬಾರದು.

ಸಿಂಟರ್ಡ್ ಪ್ಯಾಡನ್ನು ಬ್ಲೋಟಾರ್ಚಿನಲ್ಲಿ ಕಾಯಿಸಿ ಗೆದ್ದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ನಾನೂ ಒಂದೆರಡು ಸಲ ಮಾಡಿದ್ದೇನೆ. ಒಮ್ಮೆ ಕೆಲಸ ಮಾಡಿತು, ಒಮ್ಮೆ ಇಲ್ಲ. ಸೈಕಲ್ಲಿನ ಎಲ್ಲ ಭಾಗಗಳಲ್ಲಿ ‘ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಇಲ್ಲ’ ಅನ್ನುವುದನ್ನು ಬ್ರೇಕಿನಲ್ಲಿ ಮಾತ್ರ ನಾನು ಒಪ್ಪಲಾರೆ. ಈಗ ಮಾಡುವುದಿಲ್ಲ.

ಉಜ್ಜುವುದು ಬೇರೆ ವಿಷಯ. ಎಣ್ಣೆ ತಾಗಿದ್ದು ಈಗಷ್ಟೇ, ಇನ್ನೂ ಆ ಬ್ರೇಕ್ ಹಿಡಿದು ಓಡಿಸಿಲ್ಲ ಅಂದರೆ ಉಜ್ಜಿ ಉಳಿಸಿಕೊಳ್ಳಬಹುದು. ಸ್ಯಾಂಡ್‌ಪೇಪರನ್ನು ಗಾಜಿನಂಥ ಸಮತಟ್ಟಾದ ಜಾಗದಲ್ಲಿಟ್ಟು, ನೀರು ಚಿಮುಕಿಸಿ, ಪ್ಯಾಡನ್ನು ಎಂಟರ ಆಕಾರದಲ್ಲಿ ಉಜ್ಜಿ. ನೀರು ಯಾಕೆಂದರೆ ಆ ಪುಡಿ ಮೂಗಿಗೆ ಹೋಗಬಾರದು. ಹೊಳಪು ಹೋಗಿ ಎಲ್ಲ ಕಡೆ ಒಂದೇ ಮಂಕು ಬಣ್ಣ ಬಂದರೆ ಬದುಕಿತು. ಎಷ್ಟು ಉಜ್ಜಿದರೂ ಮಧ್ಯದಲ್ಲಿ ಕಪ್ಪು ಮಚ್ಚೆ ಹೋಗದಿದ್ದರೆ ಎಣ್ಣೆ ಒಳಗಿಳಿದಿದೆ. ನೀವು ಎಣ್ಣೆ ತಾಗಿದ ಮೇಲೆ ಮೂರು ವಾರ ಓಡಿಸಿದ್ದೀರಿ. ಬ್ರೇಕ್ ಹಿಡಿದಾಗಲೆಲ್ಲ ಪ್ಯಾಡು ಕಾದಿದೆ, ಒತ್ತಿದೆ, ಎಣ್ಣೆಯನ್ನು ಇನ್ನಷ್ಟು ಹೀರಿದೆ. ಅರ್ಧಕ್ಕಿಂತ ಜಾಸ್ತಿ ಉಳಿದಿದೆ ಅಂತ ಬೇಜಾರು ಅರ್ಥವಾಗುತ್ತದೆ. ಆದರೆ ಉಳಿದಿರುವುದು ಪ್ಯಾಡಲ್ಲ, ಎಣ್ಣೆಯಲ್ಲಿ ನೆನೆಸಿದ ಬಿಲ್ಲೆ.

ಹೊಸ ಪ್ಯಾಡು ಕೊಳ್ಳುವಾಗ ನಿಮ್ಮ ಡಿಸ್ಕನ್ನು ಒಮ್ಮೆ ಓದಿ. ಕಡಿಮೆ ದರ್ಜೆಯ ಕೆಲವು ಡಿಸ್ಕುಗಳ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಅಂತ ಬರೆದಿರುತ್ತದೆ. ಅದಕ್ಕೆ ಸಿಂಟರ್ಡ್ ಹಾಕಿದರೆ ಡಿಸ್ಕ್ ಬೇಗ ಸವೆಯುತ್ತದೆ.

ಹಾಕಿದ ಮೇಲೆ ಪ್ಯಾಡನ್ನು ಡಿಸ್ಕಿಗೆ ಹೊಂದಿಸಬೇಕು. ಇದನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಹೊಸ ಪ್ಯಾಡೂ ಸರಿಯಿಲ್ಲ ಅಂತ ದೂರುತ್ತಾರೆ. ವಾಹನ ಓಡಾಡದ ಸಮತಟ್ಟು ಜಾಗಕ್ಕೆ ಹೋಗಿ. ಮಧ್ಯಮ ವೇಗಕ್ಕೆ ಬನ್ನಿ, ಹಿಂದಿನ ಬ್ರೇಕನ್ನು ಒಂದೇ ಸಮನೆ ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ, ಬಿಡಿ. ಪೂರ್ತಿ ನಿಲ್ಲಿಸಬೇಡಿ, ಚಕ್ರ ಲಾಕ್ ಆಗಲೂ ಬಾರದು. ಹೀಗೆ 20 ಸಲ. ಆಮೇಲೆ ಇನ್ನೂ ಸ್ವಲ್ಪ ಜೋರಾಗಿ ಹೋಗಿ ಅದನ್ನೇ 10 ಸಲ. ಮೊದಲ ನಾಲ್ಕೈದು ಸಲ ಹಿಡಿತವೇ ಇಲ್ಲ ಅನ್ನಿಸುತ್ತದೆ, ಗಾಬರಿಯಾಗಬೇಡಿ. ಹತ್ತರ ಹೊತ್ತಿಗೆ ಲಿವರಿನ ಕೆಳಗೆ ಏನೋ ಕಚ್ಚಿಕೊಂಡ ಹಾಗೆ ಗೊತ್ತಾಗುತ್ತದೆ. ಡಿಸ್ಕಿಗೆ ಪದರ ಕೂರುತ್ತಿರುವುದು ಅದು. ಕೊನೆಗೆ ನೋಡಿದರೆ ಡಿಸ್ಕಿನ ಮೇಲೆ ಒಂದೇ ಸಮನಾದ ಮಸುಕು ಪಟ್ಟೆ ಕಾಣಬೇಕು.

ಇದೆಲ್ಲ ಮುಗಿಯುವವರೆಗೆ ಇಳಿಜಾರಿಗೆ ಹೋಗಬೇಡಿ. ಮುಂದಿನ ಬ್ರೇಕ್ ಚೆನ್ನಾಗಿದೆಯಲ್ಲಾ ಅನ್ನಬಹುದು. ಅದೊಂದನ್ನೇ ನಂಬಿ ಉದ್ದ ಇಳಿಯುವ ರಸ್ತೆಗೆ ಇಳಿಯುವುದು ಬುದ್ಧಿವಂತಿಕೆಯಲ್ಲ.

ಮುಂದಕ್ಕೆ ಆ ಸ್ಪ್ರೇ ಡಬ್ಬಿಯನ್ನು ಗೇಟಿನ ಕೀಲಿಗೆ ಇಟ್ಟುಕೊಳ್ಳಿ. ಚೈನಿಗೆ ಹನಿ ಹಾಕುವ ಬಾಟಲಿ ಸಾಕು. ಪ್ರತಿ ಕೊಂಡಿಗೆ ಒಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಬಟ್ಟೆಯಲ್ಲಿ ಒರೆಸಿ. ಚೈನಿಗೆ ಎಣ್ಣೆ ಬೇಕಾಗಿರುವುದು ಒಳಗೆ, ಮೈಮೇಲೆ ಇರುವುದು ದೂಳು ಹಿಡಿಯುವುದಕ್ಕೆ ಮಾತ್ರ. ಸ್ಪ್ರೇಯೇ ಹೊಡೆಯಬೇಕು ಅಂತಾದರೆ ಹಿಂದಿನ ಚಕ್ರ ತೆಗೆದಿಟ್ಟು ಕ್ಯಾಲಿಪರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ.

ಹಳೇ ಪ್ಯಾಡನ್ನು ಪಿಸ್ಟನ್ ತಳ್ಳಲು ಬಳಸಿದ ಮೇಲೆ ಬಿಸಾಡಿಬಿಡಿ. ‘ಇರಲಿ, ಅರ್ಜೆಂಟಿಗೆ ಬೇಕಾಗುತ್ತದೆ’ ಅಂತ ಟೂಲ್ ಡಬ್ಬಿಯಲ್ಲಿ ಎತ್ತಿಡಬೇಡಿ. ನಾನು ಹಾಗೆ ಎತ್ತಿಟ್ಟಿದ್ದೆ. ಆರು ತಿಂಗಳ ಮೇಲೆ ಅದನ್ನೇ ಚೆನ್ನಾಗಿರುವ ಜೋಡಿ ಅಂದುಕೊಂಡು ಮುಂದಿನ ಬ್ರೇಕಿಗೆ ಹಾಕಿದೆ.